ಗಾಳಿ ಹೋದರೂ ಓಡುವ ಗಾಲಿ

ಉಡುಪಿಯ ರಥಬೀದಿಯಲ್ಲಿ ನಿಂತು ಬ್ರಹ್ಮರಥವನ್ನು ನೋಡಿದವರಿಗೆ, ಗಾಲಿಯೆಂಬುದು ಎಷ್ಟು ಪ್ರಾಚೀನವಾದ ವಸ್ತುವೆಂಬುದನ್ನು ಬೇರೆ ಹೇಳಬೇಕಾದುದಿಲ್ಲ. ಆ ಗಾಲಿ ಮರದ್ದು. ಅದಕ್ಕೆ ಗಾಳಿಯ ಹಂಗಿಲ್ಲ. ಮೊಳೆ ಚುಚ್ಚಿದರೆ ಅದು ಕುಸಿಯುವುದೂ ಇಲ್ಲ. ಆದರೆ ಅಂತಹ ಗಾಲಿಯ ಮೇಲೆ ಕುಳಿತು ಕಾರ್ಕಳದವರೆಗೆ ಪ್ರಯಾಣ ಮಾಡಬೇಕೆಂದರೆ ಯಾರ ಬೆನ್ನೆಲುಬೂ ನೆಟ್ಟಗುಳಿಯಲಾರದು. ಗಾಲಿಯೊಳಗೆ ಗಾಳಿಯನ್ನು ತುಂಬುವ ಉಪಾಯವನ್ನು ರಾಬರ್ಟ್ ಥಾಮ್ಸನ್ ಎಂಬವನು 1845ರಲ್ಲಿಯೇ ಕಂಡುಹಿಡಿದನಾದರೂ ಲೋಕವು ಅದನ್ನು ಮರೆಯಿತು. 1888ರಲ್ಲಿ ಬೆಲ್‌ಫಾಸ್ಟ್ ನಗರದ ಪಶುವೈದ್ಯನಾದ ಜಾನ್ ಬಾಯ್ಡ್ ಡನ್ಲಪ್‌ನು ತನ್ನ ಮಗನ ಮೂರು ಗಾಲಿಯ ಸೈಕಲ್ಲಿಗಾಗಿ ಅದನ್ನು ಪುನಃ ಮಾಡಿದ ಮೇಲೆಯೇ ಗಾಳಿಯ ಟೈರು ಮನೆಮಾತಾಯಿತು. ಅಂದಿನಿಂದ ನಮ್ಮ ಭಾರವನ್ನು ಹೊರುತ್ತಿರುವುದು ರಬ್ಬರಲ್ಲ, ಗಾಳಿ. ರಬ್ಬರು ಆ ಗಾಳಿಯನ್ನು ಹಿಡಿದಿಡುವ ಚೀಲ ಮಾತ್ರ. ಮಧ್ವಾಚಾರ್ಯರನ್ನು ವಾಯುದೇವರ ಅವತಾರವೆಂದು ಪೂಜಿಸುವ ಈ ಸೀಮೆಯ ಜನರಿಗೆ, ಕಣ್ಣಿಗೆ ಕಾಣದ ವಾಯುವೇ ಎಲ್ಲವನ್ನೂ ಹೊತ್ತಿದೆಯೆಂಬ ಮಾತು ಹೊಸತಲ್ಲ.

ಹೊತ್ತವನು ಎದ್ದು ಹೋದರೆ ಗತಿಯೇನು? ಇದೇ ಈ ಲೇಖನದ ಪ್ರಶ್ನೆ.

ಈ ಪ್ರಶ್ನೆಯು ನಮ್ಮ ಮನೆಗೆ ಬಂದ ಬಗೆಯನ್ನು ಮೊದಲು ಹೇಳುವೆವು. ನಮ್ಮ ತಂಗಿಯ ಮಗನು ಕಾಪುವಿನಲ್ಲಿ ಮನೆಮಾಡಿಕೊಂಡಿದ್ದಾನೆ. ಆತನ ಹೆಂಡತಿಗೆ ಮಣಿಪಾಲದ ಆಸ್ಪತ್ರೆಯೊಂದರಲ್ಲಿ ಉದ್ಯೋಗ. ವಾರದಲ್ಲಿ ಎರಡು ದಿನ ರಾತ್ರಿ ಹತ್ತು ಗಂಟೆ ಕಳೆದ ಮೇಲೆಯೇ ಆಕೆಗೆ ಬಿಡುವು. ತಂಗಿಯೋ ಕಾರ್ಕಳದ ಹಳೆಯ ಮನೆಯನ್ನು ಬಿಟ್ಟು ಬರಲೊಲ್ಲಳು. ಹೀಗೆ ಕಾಪು, ಮಣಿಪಾಲ, ಕಾರ್ಕಳಗಳೆಂಬ ಮೂರು ಊರುಗಳ ನಡುವೆ ಆ ಕುಟುಂಬದ ದಿನಗಳು ಸಾಗುತ್ತಿರುವುವು. ಮೂರು ವರ್ಷಗಳ ಹಿಂದೆ ಅವರು ಬಳಸಿದ ಎಸ್.ಯು.ವಿ. ಒಂದನ್ನು ಕೊಂಡರು. ಅದಕ್ಕೆ ಕಂಪೆನಿಯವರು ಹಾಕಿದ್ದ ಟೈರುಗಳು ರನ್‌ಫ್ಲಾಟ್ ಜಾತಿಯವು. ಗಾಡಿಯ ಹಿಂದೆಯಾಗಲಿ ಕೆಳಗಾಗಲಿ ಸ್ಟೆಪ್ನಿ ಇರಲಿಲ್ಲ. ಈ ವರ್ಷ ನಾಲ್ಕು ಟೈರುಗಳೂ ಸವೆದುವು. ಅಂಗಡಿಯಲ್ಲಿ ವಿಚಾರಿಸಿದಾಗ, ಅದೇ ಜಾತಿಯ ಟೈರಿಗೆ ಹೇಳಿದ ಬೆಲೆ ಸಾದಾ ಟೈರಿನ ಬೆಲೆಯ ಒಂದೂವರೆ ಪಾಲಿಗೆ ಸಮೀಪವಾಗಿತ್ತು.

“ಮಾವ, ಅದನ್ನೇ ಹಾಕಿಸುವುದೋ, ಸಾದಾ ಟೈರಿಗೆ ತಿರುಗುವುದೋ? ನೀವೊಂದು ಮಾತು ಹೇಳಿ” ಎಂದನು ಅಳಿಯ.

“ಟೈರಿನ ವಿಷಯವನ್ನು ವ್ಯಾಕರಣ ಹೇಳಿಕೊಟ್ಟವನ ಹತ್ತಿರ ಕೇಳುವುದೇನೋ?” ಎಂದೆವು ನಾವು.

“ಅಂಗಡಿಯವರು ಒಂದೇ ಪಕ್ಷವನ್ನು ಹೇಳುತ್ತಾರೆ. ನೀವು ಎರಡನ್ನೂ ಕೇಳುವವರು” ಎಂದನು.

ಈ ಮಾತಿಗೆ ಸೋತು ನಾವು ವಿಷಯವನ್ನು ವಿಚಾರಿಸತೊಡಗಿದೆವು. ಇಂತಹ ಗಾಡಿಗಳು ಈಗ ನಮ್ಮ ಜಿಲ್ಲೆಯ ಅನೇಕ ಮನೆಗಳ ಅಂಗಳದಲ್ಲಿ ನಿಂತಿರುವುದರಿಂದ, ನಾವು ತಿಳಿದುದು ವಾಚಕರಿಗೂ ಉಪಯೋಗವಾದೀತೆಂದು ಇಲ್ಲಿ ಬರೆಯುತ್ತೇವೆ.

ಮೊದಲು ಹೆಸರುಗಳ ವಿಚಾರ. ಸ್ಟೆಪ್ನಿ ಎಂಬ ಶಬ್ದವನ್ನು ನಾವೆಲ್ಲರೂ ದಿನವೂ ಆಡುತ್ತಿದ್ದರೂ ಅದರ ಮೂಲವನ್ನು ಬಲ್ಲವರು ವಿರಳ. ವೇಲ್ಸ್ ದೇಶದ ಲ್ಯಾನೆಲ್ಲಿ ಎಂಬ ಊರಿನಲ್ಲಿ ಸ್ಟೆಪ್ನಿ ಎಂಬ ಹೆಸರಿನ ಒಂದು ಬೀದಿಯಿದೆ. ಮೋಟಾರು ಗಾಡಿಗಳು ಹೆಚ್ಚಿನ ಗಾಲಿಯಿಲ್ಲದೆಯೇ ಮಾರಾಟವಾಗುತ್ತಿದ್ದ 1904ರಲ್ಲಿ, ಆ ಬೀದಿಯ ಡೇವಿಸ್ ಸಹೋದರರು ಹೆಚ್ಚಿನ ಗಾಲಿಯನ್ನು ಮಾಡಿ ಮಾರಲಾರಂಭಿಸಿದರು. ಬೀದಿಯ ಹೆಸರು ಗಾಲಿಗೆ ಬಂತು. ಗಾಲಿಯೊಡನೆ ಹೆಸರು ಹಡಗು ಹತ್ತಿ ನಮ್ಮಲ್ಲಿಗೆ ಬಂತು. ವಿಚಿತ್ರವೇನೆಂದರೆ, ನೂರು ವರ್ಷಗಳಿಗೆ ಸಮೀಪವಾದ ಕಾಲ ಕಳೆದ ಮೇಲೆ ಗಾಡಿಗಳು ಪುನಃ ಸ್ಟೆಪ್ನಿಯಿಲ್ಲದೆ ಬರತೊಡಗಿವೆ. ಅಮೆರಿಕದಲ್ಲಿ 1997ರ ಕಾರ್ವೆಟ್ ಗಾಡಿಯು ರನ್‌ಫ್ಲಾಟ್ ಟೈರುಗಳನ್ನು ತೊಟ್ಟು, ಸ್ಟೆಪ್ನಿಯನ್ನು ಬಿಟ್ಟೇ ಹೊರಟಿತು. ನಮ್ಮ ದೇಶದಲ್ಲಿಯೂ 2020ರಲ್ಲಿ ಮೋಟಾರು ವಾಹನ ನಿಯಮಗಳಿಗೆ ತಿದ್ದುಪಡಿಯಾಗಿ, ಗಾಳಿಯ ಒತ್ತಡವನ್ನು ತಿಳಿಸುವ ಯಂತ್ರವೂ ಪಂಚರ್ ಮುಚ್ಚುವ ಸಾಮಗ್ರಿಯೂ ಇರುವ, 3.5 ಟನ್ನಿನ ಒಳಗಿನ ಪ್ರಯಾಣಿಕರ ಗಾಡಿಗಳಿಗೆ ಸ್ಟೆಪ್ನಿ ಕಡ್ಡಾಯವಲ್ಲವೆಂದಾಯಿತು.

ಇನ್ನು ರನ್‌ಫ್ಲಾಟ್ ಟೈರಿನ ಸ್ವರೂಪ. ಸಾದಾ ಟೈರಿನ ಪಕ್ಕದ ಗೋಡೆ ತೆಳ್ಳಗಿರುವುದು. ಗಾಳಿ ಹೋದೊಡನೆ ಅದು ಮಡಿಚಿಕೊಂಡು, ರಿಮ್ಮು ನೆಲಕ್ಕೆ ಒತ್ತಿ, ನಡುವೆ ಸಿಕ್ಕಿದ ರಬ್ಬರು ಅರೆದು ಚೂರಾಗುವುದು. ರನ್‌ಫ್ಲಾಟ್ ಟೈರಿನ ಪಕ್ಕದ ಗೋಡೆಯೊಳಗೆ ಶಾಖಕ್ಕೆ ಬೇಗ ಸೋಲದ ದಪ್ಪ ರಬ್ಬರನ್ನು ಸೇರಿಸಿರುತ್ತಾರೆ. ಗಾಳಿ ಪೂರ್ತಿ ಹೋದರೂ ಆ ಗೋಡೆಯೇ ಕಂಬದಂತೆ ನಿಂತು ಗಾಡಿಯನ್ನು ಹೊರುವುದು. ಆದರೆ ಹೀಗೆ ಹೊರುವುದಕ್ಕೆ ಮಿತಿಯುಂಟು. ಸಾಮಾನ್ಯವಾಗಿ ಹೇಳುವ ಲೆಕ್ಕವೇನೆಂದರೆ, ಗಂಟೆಗೆ 80 ಕಿಲೋಮೀಟರಿಗೆ ಮೀರದ ವೇಗದಲ್ಲಿ 80 ಕಿಲೋಮೀಟರು ದೂರ. ಗಾಡಿಯ ತುಂಬ ಜನವೂ ಸಾಮಾನೂ ಇದ್ದರೆ, ಅಥವಾ ದಾರಿ ಏರುತಗ್ಗಿನದಾದರೆ, ಆ ದೂರವು ಕಡಮೆಯಾಗುವುದು. ಪಂಚರ್ ಆಗದ ಟೈರು ಇದೆಂದು ತಿಳಿದವರು ಹಲವರಿದ್ದಾರೆ, ಅದು ತಪ್ಪು. ಮೊಳೆಯು ಸಾದಾ ಟೈರಿಗೆ ಚುಚ್ಚಿದಂತೆಯೇ ಇದಕ್ಕೂ ಚುಚ್ಚುವುದು. ಚುಚ್ಚಿದ ಮೇಲೆ ಕೊಂಚ ಕಾಲಾವಕಾಶ ದೊರೆಯುವುದೊಂದೇ ವ್ಯತ್ಯಾಸ. ಗಾಡಿ ವಾಲದೆ ಓಡುವುದರಿಂದ ಚಾಲಕನಿಗೆ ಗಾಳಿ ಹೋದುದೇ ತಿಳಿಯದಿರಬಹುದು. ಆದಕಾರಣ ಒತ್ತಡವನ್ನು ತಿಳಿಸುವ ದೀಪವಿಲ್ಲದ ಗಾಡಿಗೆ ಈ ಟೈರನ್ನು ಹಾಕತಕ್ಕದ್ದಲ್ಲ.

ಇಷ್ಟು ತಿಳಿದ ಮೇಲೆ ರನ್‌ಫ್ಲಾಟಿನ ಪಕ್ಷವನ್ನು ಕೇಳೋಣ. ಆ ಪಕ್ಷವು ದುರ್ಬಲವಾದುದಲ್ಲ. ನಾವೇ ಅದಕ್ಕೆ ಸಾಕ್ಷಿ. ಹಲವು ವರ್ಷಗಳ ಹಿಂದೆ, ಇದಕ್ಕೂ ಮೊದಲಿದ್ದ ಗಾಡಿಯಲ್ಲಿ, ತಂಗಿಯೊಡನೆ ಶೃಂಗೇರಿಯಿಂದ ಹಿಂದಿರುಗುತ್ತಿದ್ದೆವು. ಆಟಿ ತಿಂಗಳು, ಸಂಜೆ ಆರರ ಹೊತ್ತು. ಕೆರೆಕಟ್ಟೆ ದಾಟಿ ಕುದುರೆಮುಖದ ಕಾಡಿನೊಳಗೆ ಮಾಳದ ಕಡೆಗೆ ಇಳಿಯುವಾಗ ಹಿಂದಿನ ಟೈರು ಕುಸಿಯಿತು. ಅದು ಸಾದಾ ಟೈರು. ಮಳೆ ಹಿಡಿದ ಹಾಗೆಯೇ ಸುರಿಯುತ್ತಿತ್ತು. ಫೋನಿಗೆ ಸಿಗ್ನಲ್ಲಿಲ್ಲ. ಅಳಿಯನು ಜಾಕಿ ಕೊಟ್ಟು, ತೊಯ್ದು ತೊಪ್ಪೆಯಾಗಿ ಸ್ಟೆಪ್ನಿಯನ್ನು ಇಳಿಸಿ ನೋಡಿದರೆ, ಅದರಲ್ಲಿಯೂ ಗಾಳಿಯಿಲ್ಲ! ಎರಡು ವರ್ಷಗಳಿಂದ ಅದನ್ನು ಯಾರೂ ಮುಟ್ಟಿಯೇ ಇರಲಿಲ್ಲ. ಕತ್ತಲೆ ಕವಿಯುತ್ತಿತ್ತು, ತಂಗಿಯು ಸೆರಗು ಹೊದ್ದು ಗಾಡಿಯೊಳಗೆ ರಾಮನಾಮ ಹೇಳುತ್ತ ಕುಳಿತಿದ್ದಳು. ತಿರುವಿನಲ್ಲಿ ಬರುವ ಲಾರಿಗಳಿಗೆ ನಮ್ಮ ಗಾಡಿ ಕಾಣುವುದೋ ಇಲ್ಲವೋ ಎಂಬ ಭಯದಿಂದ ನಾವು ಕೊಡೆ ಹಿಡಿದು, ಟಾರ್ಚು ಬೀಸುತ್ತ ರಸ್ತೆಯಲ್ಲಿ ನಿಂತೆವು. ಕೊನೆಗೆ ಒಬ್ಬ ಲಾರಿಯವನು ನಿಲ್ಲಿಸಿ, ತನ್ನ ಲಾರಿಯ ಗಾಳಿಯನ್ನೇ ಕೊಳವೆಯಿಂದ ಸ್ಟೆಪ್ನಿಗೆ ತುಂಬಿಸಿ, ಹಣವನ್ನೂ ಮುಟ್ಟದೆ ಹೋದನು. ಆ ಒಂದೂವರೆ ಗಂಟೆಯನ್ನು ನೆನೆದಾಗಲೆಲ್ಲ, ಗಾಳಿ ಹೋದರೂ ಓಡುವ ಟೈರಿಗೆ ಎಷ್ಟು ಹಣ ಕೊಟ್ಟರೂ ಕಡಮೆಯೆಂದು ನಮಗೆ ಅನ್ನಿಸಿದ್ದುಂಟು.

ಭೂಪಟವೂ ಈ ಪಕ್ಷಕ್ಕೆ ಸಹಾಯಕವಾಗಿಯೇ ಇದೆ. ಉಡುಪಿಗೆ ಮಣಿಪಾಲದಿಂದ ಸುಮಾರು 5 ಕಿಲೋಮೀಟರು. ಕಾಪುವಿನಿಂದ ಸುಮಾರು 13. ಕಾರ್ಕಳದಿಂದ ಸುಮಾರು 38. ಘಟ್ಟದ ಮೇಲಿನ ಆಗುಂಬೆಯಿಂದಲೂ ಸುಮಾರು 55. ಎಲ್ಲವೂ ಆ 80ರ ಒಳಗೇ ಇವೆ. ಅಂದರೆ, ಟೈರು ತನ್ನ ಮಾತನ್ನು ನಡೆಸಿಕೊಟ್ಟರೆ, ನಮ್ಮವರು ನಿತ್ಯ ತಿರುಗಾಡುವ ಯಾವ ಕಡೆ ಗಾಳಿ ಹೋದರೂ ದೀಪವಿರುವ ಪೇಟೆಗೆ ತಲುಪಬಹುದು. ಮೇಲಾಗಿ ಹೆದ್ದಾರಿಯಲ್ಲಿ ವೇಗವಾಗಿ ಹೋಗುವಾಗ ಟೈರು ಒಮ್ಮೆಲೇ ಒಡೆದರೆ ಸಾದಾ ಟೈರಿನ ಗಾಡಿ ಒಂದು ಕಡೆಗೆ ಎಳೆಯುವುದು; ರನ್‌ಫ್ಲಾಟ್ ಇದ್ದ ಗಾಡಿ ಹಿಡಿತದಲ್ಲಿ ಉಳಿಯುವುದು. ಇದು ಅಲ್ಪವಾದ ಗುಣವಲ್ಲ.

ಈಗ ಎದುರು ಪಕ್ಷ. ಇದಕ್ಕೂ ನಮ್ಮ ಮನೆಯೇ ಸಾಕ್ಷಿ. ಕಳೆದ ಮಳೆಗಾಲದಲ್ಲಿ ಅಳಿಯನ ಹೆಂಡತಿಯು ಅತ್ತೆಯನ್ನು ಕೂಡಿಸಿಕೊಂಡು ಬಜಗೋಳಿಯ ಕಡೆಯಿಂದ ಕಾರ್ಕಳಕ್ಕೆ ಬರುತ್ತಿರಲಾಗಿ, ಎದುರಿನ ಹಲಗೆಯಲ್ಲಿ ದೀಪ ಹೊತ್ತಿತು. ಆಕೆ ವೇಗವನ್ನು ತಗ್ಗಿಸಿ, ನಿಲ್ಲದೆ, ಮಳೆಯಲ್ಲಿ ಇಳಿಯದೆ ಮನೆ ಸೇರಿದಳು. ಆ ರಾತ್ರಿ ಊಟದ ಹೊತ್ತಿಗೆ ಎಲ್ಲರೂ ಟೈರನ್ನು ಹೊಗಳಿದ್ದೇ ಹೊಗಳಿದ್ದು. ಮರುದಿನ ಪಂಚರ್ ಅಂಗಡಿಯವನು ಟೈರನ್ನು ಬಿಚ್ಚಿ, ಒಳಗಿನ ಗೋಡೆಯಲ್ಲಿ ಉದುರಿದ ಕರಿಯ ಹುಡಿಯನ್ನು ಬೆರಳಿನಿಂದ ಸವರಿ ತೋರಿಸಿ, “ಇದಕ್ಕೆ ಬತ್ತಿ ಹಾಕಿ ಕೊಟ್ಟರೆ ನಾಳೆ ಘಟ್ಟದಲ್ಲಿ ಏನಾದರೂ ಆದೀತು. ನಾನು ಹಾಕುವುದಿಲ್ಲ” ಎಂದನು. ಅವನು ಹೇಳಿದುದು ನ್ಯಾಯವೇ. ಗಾಳಿಯಿಲ್ಲದೆ ಓಡಿದ ರನ್‌ಫ್ಲಾಟ್ ಟೈರಿನ ಒಳಗೋಡೆ ಎಷ್ಟು ಬೆಂದಿದೆಯೆಂಬುದು ಹೊರಗಿನಿಂದ ಕಾಣದು. ಆದಕಾರಣ ಅದನ್ನು ದುರಸ್ತಿ ಮಾಡದೆ ಬದಲಿಸಿರೆಂದೇ ಹಲವು ತಯಾರಕರ ಸೂಚನೆ. ಮೊಳೆಯ ತೂತು ಹೊಟ್ಟಿನಷ್ಟು. ದಂಡ ಒಂದಿಡೀ ಟೈರಿನದು. ಆ ಅಳತೆಯ ಟೈರು ನಮ್ಮ ಪೇಟೆಯ ಅಂಗಡಿಗಳಲ್ಲಿ ಇರಲಿಲ್ಲ. ಬೆಂಗಳೂರಿನಿಂದ ತರಿಸುವುದಕ್ಕೆ ಎಂಟು ದಿನಗಳು ಹಿಡಿದುವು. ಆ ಎಂಟು ದಿನ ಸ್ಟೆಪ್ನಿಯಿಲ್ಲದ ಗಾಡಿ ಕಾರ್ಕಳದ ಅಂಗಳದಲ್ಲಿ ತೆಂಗಿನ ಗರಿಯ ಕೆಳಗೆ ನಿಂತಿತು. ಆಕೆ ಬಸ್ಸು ಹಿಡಿದು ಮಣಿಪಾಲಕ್ಕೆ ಹೋದಳು.

ಆಗ ನಮಗೆ ಹೊಳೆದ ಸಂಗತಿಯೇನೆಂದರೆ, 80 ಕಿಲೋಮೀಟರು ಸಾಗಿಸುವೆನೆಂಬ ಮಾತು ಸತ್ಯವಾಗಿದ್ದರೂ, ಸಾಗಿ ಸೇರಿದ ಊರಿನಲ್ಲಿ ಏನು ದೊರೆಯುವುದೆಂಬುದನ್ನು ಆ ಮಾತು ಹೇಳುವುದಿಲ್ಲ. ದೊಡ್ಡ ನಗರದಲ್ಲಿ ಅದೇ ದಿನ ಟೈರು ಸಿಕ್ಕೀತು. ಸಣ್ಣ ಪೇಟೆಯವನು ಕಾಯಬೇಕು. ಸಾದಾ ಟೈರಿಗಾದರೋ ಪಡುಬಿದ್ರಿಯಿಂದ ಕುಂದಾಪುರದವರೆಗೆ ಹೆದ್ದಾರಿಯುದ್ದಕ್ಕೂ ಪಂಚರ್ ಹಾಕುವವರಿದ್ದಾರೆ.

ಎದುರು ಪಕ್ಷಕ್ಕೆ ಇನ್ನೂ ಕೆಲವು ಮಾತುಗಳಿವೆ. ರನ್‌ಫ್ಲಾಟ್ ಟೈರು ಭಾರವಾದುದು. ಗೋಡೆ ಗಡುಸಾದುದರಿಂದ ರಸ್ತೆಯ ಪೆಟ್ಟು ಒಳಗಿದ್ದವರಿಗೆ ಹೆಚ್ಚು ತಾಗುವುದು. ನಮ್ಮಲ್ಲಿ ವರ್ಷಕ್ಕೆ 4,000 ಮಿಲಿಮೀಟರಿನ ಆಸುಪಾಸಿನಲ್ಲಿ ಮಳೆ ಬೀಳುವುದು. ಅದರ ಬಹುಪಾಲು ಜೂನ್ ತಿಂಗಳಿನಿಂದ ಸೆಪ್ಟೆಂಬರಿನೊಳಗೆ. ಆ ಕಾಲದಲ್ಲಿ ಹೊಂಡ ಯಾವುದು, ಬರಿಯ ನೀರು ಯಾವುದೆಂದು ಬ್ರಹ್ಮನಿಗೂ ತಿಳಿಯದು. ಗಡುಸಾದ ಗೋಡೆಯ ಟೈರು ಹೊಂಡಕ್ಕೆ ಬಿದ್ದಾಗ ಪೆಟ್ಟನ್ನು ತಾನು ನುಂಗದೆ ರಿಮ್ಮಿಗೂ ಗಾಡಿಯ ಕೆಳಭಾಗಕ್ಕೂ ದಾಟಿಸುವುದು. ತಂಗಿಗೆ ಸೊಂಟನೋವು, ಆ ಗಾಡಿಯಲ್ಲಿ ಕುಳಿತು ಬಂದ ರಾತ್ರಿಯೆಲ್ಲ ಆಕೆಗೆ ಎಣ್ಣೆ ತಿಕ್ಕುವುದು ತಪ್ಪುತ್ತಿರಲಿಲ್ಲ.

ಎರಡು ಪಕ್ಷಗಳನ್ನೂ ಹೀಗೆ ಮುಂದಿಟ್ಟು ನಾವು ತಡವರಿಸುತ್ತಿರುವಾಗ, ಗಂಟನ್ನು ಬಿಡಿಸಿದವಳು ಅಳಿಯನ ಹೆಂಡತಿಯೇ. “ಮಾವ, ಬಜಗೋಳಿಯಲ್ಲಿ ನನ್ನನ್ನು ಎಚ್ಚರಿಸಿದ್ದು ಟೈರಲ್ಲ, ದೀಪ. ಗಾಳಿ ಇಳಿಯಲು ಶುರುವಾದಾಗಲೇ ಅದು ಹೊತ್ತಿತು. ಸಾದಾ ಟೈರು ಹಾಕಿದರೆ ಆ ದೀಪ ಹೋಗುತ್ತದೆಯೇ?” ಎಂದಳು.

ಹೋಗುವುದಿಲ್ಲ. ಒತ್ತಡವನ್ನು ಅಳೆಯುವ ಯಂತ್ರವು ಸಾದಾ ಟೈರಿನೊಡನೆಯೂ ಕೆಲಸ ಮಾಡುವುದು. ಟ್ಯೂಬಿಲ್ಲದ ಈಗಿನ ಟೈರಿಗೆ ಮೊಳೆ ಚುಚ್ಚಿದರೆ ಗಾಳಿಯು ಬಹುಮಟ್ಟಿಗೆ ಮೆಲ್ಲಮೆಲ್ಲನೆ ಇಳಿಯುವುದೇ ಹೊರತು ಒಮ್ಮೆಲೇ ಹೋಗುವುದು ಅಪರೂಪ. ದೀಪ ಹೊತ್ತಿದ ಕೂಡಲೆ ಎಚ್ಚತ್ತವನಿಗೆ ಹತ್ತಿರದ ಪೆಟ್ರೋಲ್ ಬಂಕನ್ನೋ ಪಂಚರ್ ಅಂಗಡಿಯನ್ನೋ ಸೇರಲು ಅನೇಕ ವೇಳೆ ಸಮಯ ಸಿಗುವುದು, ಟೈರೂ ಉಳಿಯುವುದು. ರನ್‌ಫ್ಲಾಟಿನಿಂದ ಬಂದ ಉಪಕಾರವೆಂದು ನಾವು ಎಣಿಸಿದ್ದರ ಹೆಚ್ಚಿನ ಪಾಲು ದೀಪದ ಉಪಕಾರವಾಗಿತ್ತು. ಉಳಿದ ಪಾಲು, ಎಂದರೆ ಟೈರು ಒಮ್ಮೆಲೇ ಹರಿದುಹೋದಾಗಿನ ರಕ್ಷಣೆ, ಆ ಟೈರಿನದೇ. ಆ ಪಾಲಿಗೆ ನಾವು ಎಷ್ಟು ಬೆಲೆ ಕೊಡುವೆವೆಂಬುದೇ ನಿಜವಾದ ಪ್ರಶ್ನೆ.

ಇಲ್ಲಿ ನಾವು ಒಂದು ಪರೀಕ್ಷೆ ಮಾಡಿದೆವು. ಒಂದು ಭಾನುವಾರ ಪರಿಚಯದವರ ಅದೇ ಗಾತ್ರದ ಗಾಡಿಯನ್ನು ಅಂಗಳಕ್ಕೆ ತರಿಸಿ, ಸ್ಟೆಪ್ನಿ ಬದಲಿಸುವಂತೆ ಆಕೆಗೆ ಹೇಳಿದೆವು. ನಟ್ಟುಗಳು ಅಲುಗಲೇ ಇಲ್ಲ. ಅಂಗಡಿಯಲ್ಲಿ ಅವನ್ನು ಯಂತ್ರದಿಂದ ಬಿಗಿದಿದ್ದರು. ಉದ್ದ ಹಿಡಿಯ ಸ್ಪ್ಯಾನರು ತಂದು, ಅದರ ಮೇಲೆ ಕಾಲಿಟ್ಟು ಒತ್ತಿದ ಮೇಲೆ ಬಿಟ್ಟುವು. ಅಷ್ಟು ಭಾರದ ಗಾಲಿಯನ್ನೆತ್ತಿ ತೂತುಗಳಿಗೆ ಸರಿಯಾಗಿ ಕೂಡಿಸುವುದರಲ್ಲಿ ಆಕೆ ಬೆವತುಹೋದಳು. ಕೆಲಸವಂತೂ ಮುಗಿಯಿತು, ಆದರೆ ಹಗಲಿನ ಅಂಗಳದಲ್ಲಿ ಮುಕ್ಕಾಲು ಗಂಟೆ ಹಿಡಿದುದು ರಾತ್ರಿಯ ಹೆದ್ದಾರಿಯಲ್ಲಿ ಆಗತಕ್ಕ ಕೆಲಸವಲ್ಲವೆಂದು ಎಲ್ಲರಿಗೂ ಗೊತ್ತಾಯಿತು. ಆದಕಾರಣ ಮನೆಯಲ್ಲಿ ಒಂದು ನಿಯಮ ಮಾಡಿದೆವು. ರಾತ್ರಿ ಹೆದ್ದಾರಿಯಲ್ಲಿ ಟೈರು ಕುಸಿದರೆ, ಅಪಾಯದ ದೀಪಗಳನ್ನು ಹಾಕಿಕೊಂಡು, ನಡಿಗೆಯ ವೇಗದಲ್ಲಿ ಎಡಕ್ಕೆ ಸರಿದು, ಬೆಳಕಿರುವ ಜಾಗವನ್ನು ಸೇರಿಕೊಳ್ಳುವುದು. ಟೈರು ಹಾಳಾದರೆ ಹಾಳಾಗಲಿ. ಆಮೇಲೆ ಮನೆಗಾಗಲಿ, ಹೆದ್ದಾರಿಯ ಸಹಾಯವಾಣಿಯಾದ 1033ಕ್ಕಾಗಲಿ ಫೋನು ಮಾಡುವುದು. ರಸ್ತೆಯ ಅಂಚಿನಲ್ಲಿ ಕುಳಿತು ನಟ್ಟು ತಿರುಗಿಸತಕ್ಕದ್ದಲ್ಲ. ಟೈರಿಗೆ ಬೆಲೆ ಕಟ್ಟಬಹುದು, ತಿರುಗಿಸುವವಳಿಗೆ ಕಟ್ಟಲಾಗದು.

ಕೊನೆಗೆ ನಿರ್ಣಯ ಹೀಗಾಯಿತು: ಸಾದಾ ಟೈರು, ದೀಪ ಇದ್ದ ಹಾಗೆಯೇ, ಪೂರ್ಣ ಅಳತೆಯ ಒಂದು ಸ್ಟೆಪ್ನಿ, ಗಾಡಿಯ ಬ್ಯಾಟರಿಯಿಂದ ನಡೆಯುವ ಗಾಳಿಯ ಪಂಪು ಒಂದು, ಉದ್ದ ಹಿಡಿಯ ಸ್ಪ್ಯಾನರು ಒಂದು. ಸ್ಟೆಪ್ನಿಗೆ ಬೇರೆ ರಿಮ್ಮು ಕೊಳ್ಳಬೇಕಾದುದರಿಂದ ಮೊದಲ ಸಲದ ಉಳಿತಾಯವು ಹೆಚ್ಚುಕಡಮೆ ಕರಗಿಹೋಯಿತೆಂಬುದನ್ನು ಮರೆಮಾಚಲಾರೆವು. ಲಾಭವೇನಿದ್ದರೂ ಮುಂದಿನ ಸಲದಿಂದ. ಸ್ಟೆಪ್ನಿಗೆ ಕೆಳಗೆ ಸ್ಥಳವಿಲ್ಲದುದರಿಂದ ಅದು ಸಾಮಾನಿಡುವ ಜಾಗದ ಅರ್ಧವನ್ನು ನುಂಗಿತು. ಅದನ್ನು ಪಟ್ಟಿಯಿಂದ ಬಿಗಿಯದೆ ಇಡುವುದು ಅಪಾಯಕರ. ಶೃಂಗೇರಿಯ ಪ್ರಯಾಣವನ್ನು ಇನ್ನು ಮುಂದೆ ಹಗಲಿನಲ್ಲಿಯೇ ಮುಗಿಸುವುದೆಂದು ತಂಗಿಯೂ ಒಪ್ಪಿದಳು.

ಆದರೆ ನಮ್ಮ ನಿರ್ಣಯವು ಎಲ್ಲರ ನಿರ್ಣಯವಾಗಬೇಕಾದುದಿಲ್ಲ. ಆಗುಂಬೆಯ ಘಟ್ಟವನ್ನೋ ಮಾಳದ ಘಟ್ಟವನ್ನೋ ರಾತ್ರಿಯ ವೇಳೆ ಮೇಲಿಂದ ಮೇಲೆ ದಾಟಬೇಕಾದವರು, ಒಂಟಿಯಾಗಿ ಗಾಡಿ ನಡೆಸುವ ವೃದ್ಧರು, ಭಾರವೆತ್ತಲಾರದವರು, ಇವರು ರನ್‌ಫ್ಲಾಟನ್ನೇ ಉಳಿಸಿಕೊಳ್ಳುವುದು ವಿವೇಕ. ಅವರು ದುಬಾರಿ ಟೈರನ್ನಲ್ಲ, ಕಾಡಿನ ಕತ್ತಲೆಯಲ್ಲಿ ಇಳಿಯದಿರುವ ಸೌಕರ್ಯವನ್ನು ಕೊಳ್ಳುವರು.

ಯಾವುದನ್ನು ಆರಿಸಿದರೂ ಪಾಲಿಸತಕ್ಕ ಕೆಲವು ಸಂಗತಿಗಳುಂಟು. ಜಾತಿ ಬದಲಿಸುವುದಾದರೆ ನಾಲ್ಕನ್ನೂ ಒಟ್ಟಿಗೆ ಬದಲಿಸಬೇಕು. ಎರಡು ಅದು, ಎರಡು ಇದು ಎಂಬುದು ಕೂಡದು. ಬದಲಿಸುವ ಮೊದಲು ಗಾಡಿಯ ಕೈಪಿಡಿಯನ್ನು ಓದಿ, ಕಂಪೆನಿಯವರ ಹತ್ತಿರ ಬರೆಹದಲ್ಲಿ ಒಪ್ಪಿಗೆ ಕೇಳುವುದು ಒಳ್ಳೆಯದು. ಅಳತೆ ಮಾತ್ರವಲ್ಲದೆ, ಭಾರ ಹೊರುವ ಶಕ್ತಿಯನ್ನು ಸೂಚಿಸುವ ಅಂಕೆಯೂ ಕಂಪೆನಿ ಹೇಳಿದುದಕ್ಕಿಂತ ಕಡಮೆಯಾಗಬಾರದು. ಟೈರಿನ ಪಕ್ಕದಲ್ಲಿ ನಾಲ್ಕು ಅಂಕೆಗಳು ಕೊರೆದಿರುವುವು. 2324 ಎಂದಿದ್ದರೆ ಅದು 2024ರ 23ನೆಯ ವಾರದಲ್ಲಿ ತಯಾರಾದುದೆಂದರ್ಥ. ಹಳೆಯ ದಾಸ್ತಾನನ್ನು ಹೊಸತೆಂದು ಕೊಳ್ಳದಂತೆ ಇದನ್ನು ಓದಿ ನೋಡಬೇಕು. ಚಡಿಗಳ ಆಳ 1.6 ಮಿಲಿಮೀಟರಿಗೆ ಇಳಿದರೆ ಟೈರಿನ ಆಯುಷ್ಯ ಮುಗಿಯಿತೆಂದೇ ಲೆಕ್ಕ. ನಮ್ಮ ಮಳೆಗೆ 3 ಮಿಲಿಮೀಟರು ಇರುವಾಗಲೇ ಬದಲಿಸುವುದು ಕ್ಷೇಮ. ಏಕೆಂದರೆ ಚಡಿಗಳು ನೀರನ್ನು ಹೊರಗೆ ತಳ್ಳಲಾರದಾದರೆ ಗಾಡಿಯು ನೆಲವನ್ನು ಬಿಟ್ಟು ನೀರಿನ ಮೇಲೆ ಜಾರುವುದು. ಪಂಚರ್ ದುರಸ್ತಿಯನ್ನು ನೆಲಕ್ಕೆ ತಾಗುವ ಭಾಗದಲ್ಲಿ ಮಾತ್ರ ಮಾಡಿಸಬಹುದು. ಪಕ್ಕದ ಗೋಡೆ ಹರಿದ ಟೈರನ್ನು ಬಿಟ್ಟುಬಿಡಬೇಕು.

ಎಲ್ಲಕ್ಕಿಂತಲೂ ಮುಖ್ಯವಾದುದು ಗಾಳಿ. ಸಂಸ್ಕೃತದಲ್ಲಿ ಯೋಗಕ್ಷೇಮವೆಂಬ ಮಾತುಂಟು. ಇಲ್ಲದುದನ್ನು ಪಡೆಯುವುದು ಯೋಗ. ಪಡೆದುದನ್ನು ಕಾಪಾಡಿಕೊಳ್ಳುವುದು ಕ್ಷೇಮ. ಅಂಗಡಿಗೆ ಹೋಗಿ ಒಳ್ಳೆಯ ಟೈರು ಕೊಳ್ಳುವುದು ಯೋಗ ಮಾತ್ರ. ಅದರಲ್ಲಿ ಗಾಳಿ ಸರಿಯಾಗಿದೆಯೇ ಎಂದು ನೋಡುತ್ತಿರುವುದು ಕ್ಷೇಮ. ಮಾಳದ ಘಟ್ಟದಲ್ಲಿ ನಮ್ಮನ್ನು ಕೈಬಿಟ್ಟುದು ಸಾದಾ ಟೈರಲ್ಲ, ಸ್ಟೆಪ್ನಿಯನ್ನು ಎರಡು ವರ್ಷ ಮರೆತ ನಮ್ಮ ಆಲಸ್ಯ.

ಈಗ ಅಳಿಯನು ಪ್ರತಿ ಸಂಕ್ರಮಣದ ಬೆಳಗ್ಗೆ, ಗಾಡಿಯನ್ನು ಅಲುಗಿಸುವ ಮುನ್ನ, ಟೈರು ತಣ್ಣಗಿರುವಾಗಲೇ, ಕೈಮಾಪಿನಿಂದ ಗಾಳಿಯನ್ನು ಅಳೆದು, ಬಾಗಿಲ ಚೌಕಟ್ಟಿನಲ್ಲಿ ಅಂಟಿಸಿದ ಚೀಟಿಯ ಅಂಕೆಗೆ ಹೋಲಿಸಿ ನೋಡುತ್ತಾನೆ. ತಂಗಿಯು ಕಾರ್ಕಳದಿಂದ ಫೋನು ಮಾಡಿ ದಿನದ ಕ್ಷೇಮಸಮಾಚಾರವನ್ನು ಕೇಳಿದ ಮೇಲೆ ಕೊನೆಗೆ ತಪ್ಪದೆ ಇನ್ನೊಂದು ಮಾತನ್ನು ಕೇಳುತ್ತಾಳೆ: “ಐದನೆಯದನ್ನೂ ನೋಡಿದಿಯೇನೋ?”